ಭೀಮಗೊಂಡರ ನೂರಾ ಹತ್ತು ಕುದುರೆ

ನನ್ನ ಗಂಡ ಭೀಮಗೊಂಡರಿಗೆ ಬಸದಿಯ ಮಂತ್ರದಷ್ಟೇ ಬಾಯಿಪಾಠವಾಗಿದ್ದದ್ದು ನಮ್ಮ ಟ್ರಕ್ಕಿನ ಎಂಜಿನ್ನಿನ ವಿವರ. ಆರು ಸಿಲಿಂಡರ್. ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತು ತಿರುಗಿದಾಗ ನೂರಾ ಹತ್ತು ಕುದುರೆಗಳ ಶಕ್ತಿ. ಭಾರ ಎಳೆಯಲು ಹದಿನಾರುನೂರು ಸುತ್ತೇ ಸಾಕು, ಅಲ್ಲೇ ಪೂರಾ ಎಳೆತ. ಶೇಡಬಾಳದಲ್ಲಿ ಇದನ್ನು ಕೇಳದೆ ಯಾರೂ ಚಹಾ ಕುಡಿದು ಎದ್ದಿಲ್ಲ. ಎಂಬತ್ತೇಳರ ಕಬ್ಬಿನ ಹಂಗಾಮಿನಲ್ಲಿ ಮಾತಿನ ಭರಕ್ಕೆ, ನನ್ನ ಟ್ರಕ್ಕು ಎಳೆಯಲು ಎತ್ತು ಹಚ್ಚಿದ ದಿನವೇ ಅದನ್ನು ಮಾರಿಬಿಡುತ್ತೇನೆ ಎಂದು ನಾಲ್ಕು ಜನರೆದುರು ಹೇಳಿ ಬಂದರು. ನನಗೆ ಮೈಯೆಲ್ಲ ಉರಿಯಿತು. ಆ ಟ್ರಕ್ಕು ಇವರೊಬ್ಬರದೇ ಏನು? ನನಗೂ ಅದು ಜೀವವಾಗಿತ್ತು.

ಅದೇ ವಾರ ಅಲಖನೂರಿನ ಸಾವಕ್ಕನ ಹೊಲದ ಕಬ್ಬು ತುಂಬಲು ಹೋದೆವು. ಹೊತ್ತು ಮುಳುಗಿದ ಮೇಲೆ ಜೈನರಾದ ನಾವು ಉಣ್ಣುವವರಲ್ಲ, ಹಾಗಾಗಿ ಬುತ್ತಿ ಕಟ್ಟಿಕೊಂಡು ನಾನೂ ಜೊತೆಗಿದ್ದೆ. ಹೊಲ ಎರೆಮಣ್ಣಿನದು, ಮೇಲೆ ಅಡ್ಡಮಳೆ ಬಿದ್ದಿತ್ತು. ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುವ ಮೊದಲು ಕಾರ್ಖಾನೆ ಸೇರಬೇಕು. ತುಂಬಿ ಹೊರಟೆವೋ ಇಲ್ಲವೋ, ಹಿಂದಿನ ಗಾಲಿಗಳು ಹೂತುಹೋದವು.

ಇಂಥ ಹೊತ್ತಿನಲ್ಲಿ ಎತ್ತು ಹಚ್ಚಿ ಎಳೆಸುವುದು ನಮ್ಮ ಕಡೆಯ ವಾಡಿಕೆ. ಪಕ್ಕದ ಹೊಲದ ಮಲಕಾರಿ ಎರಡು ಜೋಡಿ ಎತ್ತು ಹೊಡೆದುಕೊಂಡು, ಹಗ್ಗ ಹಿಡಿದು ಬಂದು ನಿಂತ. ಇವರ ಮಾತು ಅವನ ಕಿವಿಗೂ ಬಿದ್ದಿತ್ತು. ಮೀಸೆಯೊಳಗೇ ನಗುತ್ತಿದ್ದ. ಆ ನಗು ನೋಡಿ ಇವರು ಎಕ್ಸಲರೇಟರ್ ಒತ್ತಿಯೇ ಒತ್ತಿದರು. ಕರಿ ಹೊಗೆ ಎದ್ದಿತು, ಗಾಲಿ ಗರಗರ ತಿರುಗಿ ಇನ್ನಷ್ಟು ಕೆಳಗಿಳಿಯಿತು. ಇನ್ನು ಟ್ರಕ್ಕು ನಮ್ಮ ಕೈಬಿಟ್ಟು ಹೋಯಿತು ಅಂದುಕೊಂಡೆ. ನನಗೆ ತಡೆಯಲಾಗಲಿಲ್ಲ.

“ಪೂರಾ ಎಳೆತ ಹದಿನಾರನೂರಕ್ಕ ಅಂತ ದಿನಾ ನೀವ ಹೇಳ್ತೀರಿ. ಮತ್ತ ಯಾಕ ಹಿಂಗ ಒದರಸಾಕತ್ತೀರಿ? ಕಾಲು ಸಡಲ ಬಿಡ್ರಿ.”

ನಾನು ಕೆಳಗಿಳಿದು, ಕೂಲಿಯವರಿಂದ ಗಾಲಿಗಳ ಮುಂದಿನ ಮಣ್ಣು ಕೆರೆಸಿ, ಕಬ್ಬಿನ ಒಣ ಎಲೆಯ ರವದಿ ದಪ್ಪಗೆ ಹಾಸಿಸಿದೆ. ಇವರು ಒಂದನೇ ಗೇರಿಗೆ ಹಾಕಿ ಕಾಲು ಹಗುರ ಮಾಡಿದರು. ಎಂಜಿನ್ನು ಒದರುವುದು ಬಿಟ್ಟು ತಗ್ಗು ದನಿಯಲ್ಲಿ ಗುಡುಗತೊಡಗಿತು. ಗಾಲಿ ರವದಿಯನ್ನು ಕಚ್ಚಿತು. ತುಂಬಿದ ಟ್ರಕ್ಕು ನಿಧಾನಕ್ಕೆ ಮೇಲೆದ್ದು ರಸ್ತೆಗೆ ಹತ್ತಿತು.

ಮಲಕಾರಿ ಹಗ್ಗ ಬಿಸಾಕಿ, ಎಳೆದು ಗೆದ್ದ ಎತ್ತುಗಳ ಹಣೆಗೆ ಹಚ್ಚಲು ಸೊಂಟದಲ್ಲಿಟ್ಟುಕೊಂಡಿದ್ದ ಅರಿಶಿನ ಭಂಡಾರದ ಚೀಲ ಬಿಚ್ಚಿ, ಟ್ರಕ್ಕಿನ ಮೂತಿಯ ಹತ್ತಿರ ಬಂದ. ಕೆಳಗಿಳಿದ ಇವರು ಅವನ ಕೈ ಹಿಡಿದರು.

“ಮೊದಲ ಇಕೀಗೆ ಕೊಡಪಾ. ಇವತ್ತ ಎಳಸಿದಾಕಿ ಇಕಿ.”

“ತಗೋರಿ ವೈನಿ,” ಎಂದು ಮಲಕಾರಿ ನನ್ನ ಅಂಗೈ ತುಂಬ ಅರಿಶಿನದ ಪುಡಿ ಸುರಿದ. ನನ್ನ ಹಣೆಗೆ ಹಚ್ಚಿಕೊಂಡೆ, ಟ್ರಕ್ಕಿಗೆ ಹಚ್ಚಿದೆ. ಉಳಿದದ್ದನ್ನು ಅಷ್ಟು ಜನರೆದುರು ಇವರ ಹಣೆಗೆ ಬಳಿದೆ. ಭೀಮಗೊಂಡರು ತಲೆ ಬಾಗಿಸಿ ಹಚ್ಚಿಸಿಕೊಂಡರು.