ದಾಸಾಳದ ಮರೆ

ಬೆಳಗ್ಗೆ ನಸುಕು ಹರಿಯುವ ಹೊತ್ತಿಗೆ ಸುಕನ್ಯಾ ಚಹಾದ ಕಪ್ಪು ಹಿಡಿದು ಕಂಪೌಂಡಿನ ಒಳಬದಿಯ ಕಲ್ಲಿನ ಮೇಲೆ ಕೂಡುತ್ತಿದ್ದಳು. ಎದೆಯೆತ್ತರದ ಗೋಡೆ. ಅದರ ಗುಂಟ ದಾಸಾಳದ ಗಿಡಗಳು ವರ್ಷಗಟ್ಟಲೆ ಕತ್ತರಿ ಕಾಣದೆ, ಟೊಂಗೆಯೊಳಗೆ ಟೊಂಗೆ ಹೆಣೆದುಕೊಂಡು ಬೆಳೆದಿದ್ದವು. ಒಳಗೆ ಕೂತವರು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಸಸ್ಯಶಾಸ್ತ್ರ ಕಲಿಸಲು ರಾಯಚೂರಿನಿಂದ ಧಾರವಾಡಕ್ಕೆ ವರ್ಗವಾಗಿ ಬಂದು ಅವಳಿಗೆ ಎರಡು ವರ್ಷವಾಗಿತ್ತು. ಕಾಲೇಜಿನಲ್ಲಿ ಮಾತಿಗೆ ಕೊರತೆಯಿರಲಿಲ್ಲ, ಆದರೆ ಅದೆಲ್ಲ ಪರೀಕ್ಷೆ, ಪ್ರಾಕ್ಟಿಕಲ್ಲು, ರಜೆಯ ಮಾತು. ಶನಿವಾರ ಮಧ್ಯಾಹ್ನ ಬಾಡಿಗೆ ಮನೆಯ ಬೀಗ ತೆಗೆದಳೆಂದರೆ ಸೋಮವಾರದ ತನಕ ತನ್ನ ದನಿ ತನಗೇ ಕೇಳುತ್ತಿರಲಿಲ್ಲ.

ಕೇಳುತ್ತಿದ್ದದ್ದು ಗೋಡೆಯಾಚೆಯ ಇಬ್ಬರ ದನಿ. ಚನ್ನಬಸವ್ವ ಮತ್ತು ರುಕ್ಮವ್ವ ದಿನಾ ಪೂಜೆಗೆ ಹೂ ಹರಿಯಲು ಬರುತ್ತಿದ್ದರು. ದೇವರ ಹೂವಿಗೆ ಆ ಓಣಿಯಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಗೋಡೆ ದಾಟಿ ಬಾಗಿದ್ದು ಹಾದಿಯವರದು; ಮನೆಯವರು ಕಂಡೂ ಕಾಣದಂತೆ ಇರಬೇಕು, ಹರಿಯುವವರು ಲಗೂ ಹರಿದು ಹೋಗಬೇಕು. ಇವರು ಮಾತ್ರ ಲಗೂ ಹೋಗುವವರಲ್ಲ. ಚನ್ನಬಸವ್ವನ ಮೊಣಕಾಲು ನೋವು, ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿಯಿಂದ ಹೊತ್ತು ಮುಳುಗಿದ ಮೇಲೆ ಬರುವ ಗಂಡ, ಜಗಳಾಡಿ ಅಮ್ಮಿನಬಾವಿಯ ತವರಿಗೆ ಹೋದ ಸೊಸೆ ಲಕ್ಷ್ಮೀ, ಎಲ್ಲವೂ ಸುಕನ್ಯಾಳಿಗೆ ಗೊತ್ತಿತ್ತು. ಲಕ್ಷ್ಮೀ ಇಂದು ಬಂದಿರಬಹುದೇ ಎಂದು ಪಾಠದ ನಡುವೆಯೂ ಒಮ್ಮೊಮ್ಮೆ ನೆನಪಾಗುತ್ತಿತ್ತು.

ಒಂದು ದಿನ ಚನ್ನಬಸವ್ವ ಎಷ್ಟು ಕೈಚಾಚಿದರೂ ಹೂವು ನಿಲುಕಲಿಲ್ಲ.

"ಬಿಡs ಯಕ್ಕಾ," ಎಂದಳು ರುಕ್ಮವ್ವ. "ಗಿಡ ಸೀದಾ ಕೈಲಾಸಕ್ಕ ಹೊಂಟೈತಿ. ಹೂವು ತಾವs ಹೋಗಿ ಶಿವನ ತಲಿ ಮ್ಯಾಲ ಕುಂದರ್ತಾವು, ನಡುವ ನಿಂದೇನು ಕೆಲಸ?"

ಸುಕನ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಗಿಡವನ್ನು ದಿಟ್ಟಿಸಿದಳು. ದಾಸಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಟೊಂಗೆ ಕತ್ತರಿಸದಿದ್ದರೆ ಚಿಗುರೆಲ್ಲ ಮೇಲಕ್ಕೇ ಹೋಗುತ್ತದೆ. ಚಳಿ ಹಿಂದಾಗಿತ್ತು, ಕತ್ತರಿಸಲು ಅದೇ ಸರಿಯಾದ ಕಾಲ. ಗಿಡ ಭುಜದೆತ್ತರಕ್ಕೆ ಇಳಿದರೆ ಹೂವು ಕೈಗೆ ಸಿಗುತ್ತದೆ. ಅವರ ಮುಖವೂ ಕಾಣುತ್ತದೆ. ಒಂದು ಮಾತು ಆಡಬಹುದು.

ರವಿವಾರ ಇಡೀ ದಿನ ಕತ್ತರಿಸಿದಳು. ಹೊರಮುಖದ ಮೊಗ್ಗಿನ ಮೇಲೆ ಓರೆಯಾಗಿ ಕೊಯ್ತ, ಒಣಗಿದ್ದು ಬುಡಕ್ಕೆ, ಒಂದಕ್ಕೊಂದು ತಿಕ್ಕುವ ಟೊಂಗೆಗಳಲ್ಲಿ ಸಣ್ಣದಕ್ಕೆ ವಿದಾಯ. ಕತ್ತರಿಸಿದ ಟೊಂಗೆಗಳಲ್ಲಿ ನಾಳೆ ಅರಳುವ ಮೊಗ್ಗುಗಳನ್ನೆಲ್ಲ ಆರಿಸಿ ತಾಟಿನಲ್ಲಿಟ್ಟಳು. ದಾಸಾಳದ ಮೊಗ್ಗು ಗಿಡದಿಂದ ಬಿಡಿಸಿದರೂ ತನ್ನ ಹೊತ್ತಿಗೆ ಅರಳುತ್ತದೆ.

ಅರಳಿದವು. ಬೆಳಗ್ಗೆ ತುಂಬಿದ ತಾಟು ಹಿಡಿದು ನಿಂತಿದ್ದಳು. ಮೂಲೆ ತಿರುಗಿ ಬಂದ ಇಬ್ಬರೂ ಬೋಳು ಗಿಡ ನೋಡಿ ನಿಂತರು. ಚನ್ನಬಸವ್ವ ಬುಟ್ಟಿಯನ್ನು ಸೆರಗಿನೊಳಗೆ ಸರಿಸಿದಳು. ಶಿವರಾತ್ರಿ ನಾಲ್ಕು ದಿನಕ್ಕಿದೆ ಎಂಬುದು ಸುಕನ್ಯಾಳಿಗೆ ಆಗ ಹೊಳೆಯಿತು. ಹೂ ಹರಿಯುವವರ ಮೇಲಿನ ಸಿಟ್ಟಿಗೇ ಕಡಿದಳೆಂದು ತಿಳಿಯಲು ಇನ್ನೇನು ಬೇಕು?

"ನಿಮಗ ನಿಲುಕಲಿ ಅಂತ ಕಡದೇನ್ರಿ," ಎಂದಳು ಅವಸರದಿಂದ. "ತಗೋರ್ರಿ, ಇವೆಲ್ಲಾ ನಿಮಗs."

ಚನ್ನಬಸವ್ವನ ಮುಖ ಸಡಿಲಾಯಿತು. ಬೇಡವೆನ್ನುತ್ತಲೇ ಒಂದು ಬೊಗಸೆ ತೆಗೆದುಕೊಂಡು, ಇಷ್ಟು ಸಾಕ್ರಿ ಅಕ್ಕಾರ ಎಂದಳು. ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಎರಡು ವರ್ಷದ ಮಾತು ಸುಕನ್ಯಾಳ ಗಂಟಲಲ್ಲಿ ಕಾದಿತ್ತು.

"ಲಕ್ಷ್ಮೀ ಅಮ್ಮಿನಬಾವಿಯಿಂದ ಬಂದಳೇನ್ರಿ?"

ಚನ್ನಬಸವ್ವ ಅವಳನ್ನು ನೋಡಿದಳು, ಅವಳ ಹಿಂದಿನ ಕಲ್ಲನ್ನು ನೋಡಿದಳು, ಕಲ್ಲಿನ ಮೇಲಿದ್ದ ಕಪ್ಪನ್ನು ನೋಡಿದಳು.

"ನಮ್ಮ ಮನಿ ಮಾತು ನಿಮ್ಮನಿ ತನಾ ಬಂದೈತಿ ಅಂತ ಗೊತ್ತಿರಲಿಲ್ರಿ," ಎಂದಳು ಚನ್ನಬಸವ್ವ, ಮೆಲ್ಲಗೆ. ಬುಟ್ಟಿಯ ಹೂಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಮೇಲೆ ಸಾಲಾಗಿ ಇಟ್ಟಳು. ಇಬ್ಬರೂ ಹೋದರು.

ಮರುದಿನ ಬರಲಿಲ್ಲ, ಶಿವರಾತ್ರಿಗೂ ಬರಲಿಲ್ಲ. ಮುಂಗಾರಿನ ಹೊತ್ತಿಗೆ ಗಿಡ ಮೈತುಂಬ ಚಿಗುರಿ, ಭುಜದೆತ್ತರದಲ್ಲಿ, ಕೈಚಾಚಿದರೆ ಸಿಗುವಂತೆ ಕೆಂಪಗೆ ಅರಳಿತು. ಹೂಗಳು ಸಂಜೆಗೆ ಸುರುಟಿ ತಾವಾಗಿಯೇ ಉದುರುತ್ತಿದ್ದವು. ಸುಕನ್ಯಾ ಕಸಬರಿಗೆಯಿಂದ ಗುಡಿಸುತ್ತಿದ್ದಳು.

ಮತ್ತೆ ಕತ್ತರಿ ಹಾಕಲಿಲ್ಲ. ಗಿಡ ಮೇಲೇರಿ ಗೋಡೆಯಾಚೆ ಬಾಗತೊಡಗಿದಾಗ ಚಹಾವನ್ನು ಹಿತ್ತಲಿನ ಮೆಟ್ಟಿಲಿಗೆ ಒಯ್ದಳು. ಅಲ್ಲಿಗೆ ಓಣಿಯ ಒಂದು ಸಪ್ಪಳವೂ ಬರುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಕಾಲೇಜಿಗೆ ಹೊರಟಾಗ ಗೋಡೆಯ ಹೊರಬದಿ ನೋಡಿದಳು. ಬಾಗಿದ ಟೊಂಗೆಗಳಲ್ಲಿ ಒಂದೂ ಹೂವಿರಲಿಲ್ಲ. ತೊಟ್ಟುಗಳ ಮುರಿದ ತುದಿ ಇನ್ನೂ ಹಸಿಯಾಗಿತ್ತು. ಯಾರು ಹರಿದಿದ್ದರೋ, ಏನು ಮಾತಾಡಿಕೊಂಡಿದ್ದರೋ. ಲಕ್ಷ್ಮೀ ಬಂದಳೋ ಇಲ್ಲವೋ.

ಮರುದಿನವೂ ಅವಳು ಚಹಾ ಹಿಡಿದು ಹಿತ್ತಲಿಗೇ ಹೋದಳು.