ಸೀಳಿನ ಮೇಲೆ ಹಾದ ಗೆರೆ

ಆಸ್ಪತ್ರೆಗೆಂದು ಮಾಡಿದ ಸಲೈನ್ ಪಂಪು ಪರೀಕ್ಷೆಯಲ್ಲಿ ಫೇಲಾಯಿತೆಂಬ ಸುದ್ದಿ ಬಂದಾಗ ಅಣ್ಣ ಯಾರನ್ನೂ ಬೈಯಲಿಲ್ಲ. ತಂಗಿಗೆ ಅದಕ್ಕೇ ದಿಗಿಲಾಯಿತು. ಅಣ್ಣ ಬೈದರೆ ಸಂಜೆಯೊಳಗೆ ತಣ್ಣಗಾಗುತ್ತಾನೆ. ಸುಮ್ಮನಾದರೆ ಏನೋ ಹಂಚಿಕೆ ಹಾಕುತ್ತಿದ್ದಾನೆಂದೇ ಅರ್ಥ.

ಕಾರ್ಖಾನೆ ಅವನದು. ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಗೆರೆಗಳು ಎಲ್ಲೆಲ್ಲಿ ಹಾಯಬೇಕೆಂದು ಕಂಪ್ಯೂಟರಿನಲ್ಲಿ ಎಳೆಯುವುದು ಅವಳ ಕೆಲಸ. ಅದನ್ನು ಕೈಹಿಡಿದು ಕಲಿಸಿದವನೂ ಅವನೇ. ಆದರೆ ಈ ಬೋರ್ಡನ್ನು ಅವಸರದಲ್ಲಿ ತಾನೇ ಎಳೆದಿದ್ದ. ಮೋಟಾರಿನ ಗೆರೆಗೆ ದಾರಿ ಮಾಡಲು ಕೆಳಪದರದಲ್ಲಿ ಕರೆಂಟು ಮರಳಿ ಬರಲೆಂದು ಹಾಸಿದ ಗ್ರೌಂಡ್ ತಾಮ್ರವನ್ನು ನಡುವೆ ಸೀಳಿ, ಆ ಸೀಳಿನ ಮೇಲೆಯೇ ಕ್ಲಾಕಿನ ಗೆರೆಯನ್ನು ಹಾಯಿಸಿಬಿಟ್ಟಿದ್ದ. ಕ್ಲಾಕ್ ಎಂದರೆ ಬಿಡುವಿಲ್ಲದೆ ಮಿಡಿಯುವ ಸಿಗ್ನಲ್. ಅದು ಹೋದ ಗೆರೆಯ ಅಡಿಯಲ್ಲೇ ಮರಳಿ ಬರಲು ತಾಮ್ರ ಸಿಗಬೇಕು. ಸೀಳು ಎದುರಾದರೆ ಬಳಸಿಕೊಂಡು ಬರುತ್ತದೆ. ಆ ಬಳಸುದಾರಿಯೇ ಆಂಟೆನಾ ಆಗಿ ಅಕ್ಕಪಕ್ಕದ ಯಂತ್ರಗಳಿಗೆ ಗದ್ದಲ ತುಂಬುತ್ತದೆ. ಪಕ್ಕದ ಹಾಸಿಗೆಯ ರೋಗಿಯ ಎದೆಬಡಿತ ತೋರಿಸುವ ಮಾನಿಟರ್ ಕೂಡ ತಪ್ಪು ತೋರಿಸಬಹುದು. ಪರೀಕ್ಷೆಯಲ್ಲಿ ಅಳೆಯುವುದು ಈ ಗದ್ದಲವನ್ನೇ.

ಇದನ್ನೆಲ್ಲ ಅವಳು ಹೇಳಿದಳು. ಅಣ್ಣ ಕೇಳಿಸಿಕೊಂಡು, ಗದ್ದಲ ಹೊರಬೀಳದಂತೆ ಪಂಪಿನ ಮುಚ್ಚಳದೊಳಗೆ ತಾಮ್ರದ ಹಾಳೆ ಅಂಟಿಸಿದ. ಪರೀಕ್ಷೆಗೆ ಹೋಗುವ ಒಂದಕ್ಕೆ ಮಾತ್ರ, ಮಾರುವ ಪಂಪುಗಳಿಗೆ ಬೇಡ ಎಂದ. ಹೊಸ ಬೋರ್ಡು ಮಾಡಿಸುತ್ತ ಕೂತರೆ ಆಸ್ಪತ್ರೆಯವರು ಬೇರೆ ಕಡೆ ಹೋಗುತ್ತಾರಂತೆ.

ಅದನ್ನು ಪರೀಕ್ಷಾಲಯಕ್ಕೆ ಒಯ್ಯುವುದು ಅವಳ ತಲೆಗೇ ಬಂತು. ಗೋಡೆತುಂಬ ನೀಲಿ ಫೋಮಿನ ಮೊನೆಗಳಿದ್ದ ಕೋಣೆಯಲ್ಲಿ ಪರೀಕ್ಷಕಿ ಗದ್ದಲ ಅಳೆಯುವ ಆಂಟೆನಾ ಹೊಂದಿಸುತ್ತಿದ್ದಾಗ, ಇವಳು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಹಾಳೆಯನ್ನು ಪರ್‍ರೆಂದು ಕಿತ್ತಳು.

"ಇದು ಮಾರೋ ಪಂಪಲ್ಲಿ ಇರಲ್ಲ. ಹೀಗೇ ಪರೀಕ್ಷೆ ಮಾಡಿ."

ಮತ್ತೆ ಫೇಲಾಗುತ್ತದಲ್ಲ ಎಂದು ಪರೀಕ್ಷಕಿ ಅನುಮಾನಿಸಿದಳು.

"ಆಗ್ಲಿ."

ಫೇಲಾಯಿತು.

ಅಣ್ಣ ಕೆಂಡವಾದ. "ಕಲಿಸಿದೋನಿಗೇ ತಿರುಗಿಬಿದ್ಯಲ್ಲ."

"ನೀನು ಕಲಿಸಿದ್ದನ್ನೇ ಮಾಡಿದೀನಿ, ಮರೆತೋನು ನೀನು. ಬೇಕಾದ್ರೆ ಕೆಲಸದಿಂದ ತೆಗಿ. ಆ ಹಾಳೆ ಇಟ್ಕೊಂಡು ನಾನಂತೂ ಇನ್ನೊಂದು ಸಲ ಹೋಗಲ್ಲ."

ಮನೆಯಲ್ಲೂ ಮಾತು ನಿಂತಿತು. ಇವರಿಗೆ ಉಪ್ಪು ಬೇಕಂತೆ, ಅವಳಿಗೆ ನೀರು ಬೇಕಂತೆ ಎಂದು ನಡುವೆ ಅಂಚೆ ಹಂಚಲು ತನ್ನಿಂದಾಗದು ಎಂದು ಅತ್ತಿಗೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅವನು ಕೆಲಸದಿಂದ ತೆಗೆದುಹಾಕಲೆಂದು ಅವಳು ಕಾಯಲಿಲ್ಲ. ಮರುದಿನವೇ ಬೋರ್ಡಿನ ಗೆರೆಗಳನ್ನೆಲ್ಲ ಅಳಿಸಿ ಹೊಸದಾಗಿ ಕೂತಳು. ಮೋಟಾರಿನ ಕನೆಕ್ಟರನ್ನು ಅಂಚಿಗೆ ತಳ್ಳಿದಳು. ಕ್ಲಾಕಿನ ಗೆರೆ ಉಗುರಿನಷ್ಟು ಗಿಡ್ಡವಾಯಿತು. ಅದರಡಿಯ ತಾಮ್ರ ಎಲ್ಲೂ ಸೀಳಿಲ್ಲದೆ ಇಡಿಯಾಗಿ ಉಳಿಯಿತು. ಬೋರ್ಡು ತಯಾರಾಗಿ ಬಂದಮೇಲೆ ತಾನೇ ಪಂಪಿಗೆ ಕೂರಿಸಿ ಒಯ್ದಳು. ಈ ಸಲ ಹಾಳೆಯಿಲ್ಲದೆಯೇ ಪಾಸಾಯಿತು.

ಅಷ್ಟರಲ್ಲಿ ಆಸ್ಪತ್ರೆಯವರು ಬೇರೆ ಕಂಪನಿಗೆ ಆರ್ಡರ್ ಕೊಟ್ಟಾಗಿತ್ತು. ಅಣ್ಣ ಅವಳ ಮೇಜಿನೆದುರು ಕುರ್ಚಿ ಎಳೆದು ಕೂತು, ಅದನ್ನು ಮೆಲ್ಲಗೆ ಹೇಳಿದ. ಕ್ಷಮೆ ಕೇಳುತ್ತಾಳೆಂದು ಕಾದಂತಿತ್ತು.

ಅವಳು ಕೇಳಲಿಲ್ಲ. ಇನ್ನುಮುಂದೆ ತಾನು ನೋಡದೆ ಒಂದು ಬೋರ್ಡೂ ಇಲ್ಲಿಂದ ಆಚೆ ಹೋಗಕೂಡದು ಎಂದಳು.

"ನಾನು ಎಳೆದಿದ್ದನ್ನೂ ನೋಡ್ತೀಯಾ?"

"ನೀನು ಎಳೆದಿದ್ದನ್ನೇ ಮೊದಲು ನೋಡ್ತೀನಿ."

ಅಣ್ಣ ಗೊಣಗುತ್ತ ಎದ್ದು ಹೋದ. ಬೇಡ ಎನ್ನಲಿಲ್ಲ.