ಬೇಗಂ ಹೂವು

ನೆರೆಮನೆಯ ಭೀಮಬಾಯಿ ತಂಬಿಗೆಯಿಂದ ಬಿಸಿನೀರು ಸುರಿಯುತ್ತಿದ್ದಳು, ಪುತಳಾಬಾಯಿ ಹೆಣದ ಬೆನ್ನು ತಿಕ್ಕುತ್ತಿದ್ದಳು. ಅಷ್ಟರಲ್ಲಿ ಅಂಗಳದ ಭಜನೆ ಅರ್ಧಕ್ಕೇ ನಿಂತಿತು. ಹೆಣ ಮಣ್ಣು ಸೇರುವ ತನಕ ಭಜನೆ ನಿಲ್ಲಿಸುವ ಪದ್ಧತಿ ಆ ಓಣಿಯಲ್ಲಿರಲಿಲ್ಲ. ಪುತಳಾಬಾಯಿ ಸಿಡುಕುತ್ತ, ಮರೆಗೆ ಕಟ್ಟಿದ್ದ ಸೀರೆ ಸರಿಸಿ ಹೊರಗೆ ಇಣುಕಿದಳು. ತಲೆಬಾಗಿಲಲ್ಲಿ ಹೊಸ ರುಮಾಲು ಸುತ್ತಿದ, ಮೈತುಂಬಿಕೊಂಡ ಗಂಡಸೊಬ್ಬ ಚಪ್ಪಲಿ ಕಳಚುತ್ತಿದ್ದ. ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಸತ್ತನೆಂದು ಇಡೀ ಔರಾದ ಅತ್ತು ಮರೆತಿದ್ದ ಅವಳ ಭಾವ ಮಡೆಪ್ಪ ಅವನು. ಇಲ್ಲಿ ಮಣೆಯ ಮೇಲೆ ಕೂಡಿಸಿದ್ದ ಹೆಣ, ಸತ್ಯಮ್ಮ, ಅವನ ಹೆಂಡತಿ.

ಪುತಳಾಬಾಯಿಯ ಗಂಡ ಧೊಂಡಿಬಾ ಓಡಿಹೋಗಿ ಅಣ್ಣನ ಕಾಲಿಗೆ ಬಿದ್ದ, ಗಟ್ಟಿಯಾಗಿ ಅತ್ತ. ಭೀಮಬಾಯಿ ಮರೆಯ ಸಂದಿಯಿಂದ ಅವನ ಮುಖವನ್ನೇ ನೋಡಿದಳು. ಅಲ್ಲಿ ಅಳು ಇತ್ತು, ಅಚ್ಚರಿ ಇರಲಿಲ್ಲ. ಠಾಣಾ ಕುಶನೂರಿನಿಂದ ಸತ್ಯಮ್ಮನ ತವರಿನವರು ಬರಬೇಕೆಂದು ಬೆಳಗಿನಿಂದ ಹೆಣ ಎತ್ತಲು ಬಿಡದೆ ಕೂತಿದ್ದನಲ್ಲ, ತವರಿನವರು ಹೊತ್ತೇರುವ ಮೊದಲೇ ಬಂದು ಚಹಾ ಕುಡಿದು ಕೂತಿದ್ದರೂ ಅವನ ಕಣ್ಣು ಬಾಗಿಲು ಬಿಟ್ಟು ಸರಿದಿರಲಿಲ್ಲ. ಯಾರೋ ಕೇಳಿದ್ದಕ್ಕೆ, ಭಾಲ್ಕಿ ಬಸ್ಸಿನ ಡ್ರೈವರ್ ಸುಭಾನನ ಕೈಯಲ್ಲಿ ನಿನ್ನೆಯೇ ಸುದ್ದಿ ಕಳಿಸಿದ್ದೆ ಎಂದು ಒಪ್ಪಿಕೊಂಡ. ಅಣ್ಣ ಬದುಕಿರುವುದು ಇತ್ತೀಚೆಗಷ್ಟೇ ಕಿವಿಗೆ ಬಿತ್ತಂತೆ. ಅಣ್ಣನ ಪಾಲಿನ ಹೊಲವನ್ನು ಇಷ್ಟು ವರ್ಷ ಉಳುತ್ತಿದ್ದವನ ಕಿವಿಗೆ ಯಾವುದು ಯಾವಾಗ ಬೀಳುತ್ತದೆಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಮಡೆಪ್ಪ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡ. ಹೆಂಗಸರಲ್ಲಿ ಹಿರಿಯಳಾದ ಶೇವಂತಾಬಾಯಿ ಬಚ್ಚಲಿಗೆ ಬಂದು, ಸತ್ಯಮ್ಮನ ಹಣೆಗೆ ಹಚ್ಚಲು ತಂದಿಟ್ಟಿದ್ದ ವಿಭೂತಿಯನ್ನು ಎಡಗೈಯಿಂದ ಆಚೆ ಸರಿಸಿದಳು.

"ಗಂಡ ಬದುಕ್ಯಾನ ಅಂದಮ್ಯಾಲ ಇಕಿ ಮುತ್ತೈದಿನೇ ಅಲಾ? ಹಸಿರು ಸೀರಿ ತೆಗೀರಿ, ಬಳಿ ತರಸ್ರಿ. ಉಡಿ ತುಂಬಿ, ತಲಿ ತುಂಬ ಹೂ ಮುಡಿಸಿ ಕಳಸಬೇಕು. ಎಂಥಾ ಪುಣ್ಯಾ ಪಡದಾಳ ನೋಡ್ರಿ."

"ಹೂವಿಗಿ ಎಲ್ಲಿಗಿ ಹೋಗಬೇಕ್ರಿ, ಅಂಗಳದಾಗೇ ಅವಲಾ," ಎಂದಳು ಪುತಳಾಬಾಯಿ.

ಭೀಮಬಾಯಿ ತಂಬಿಗೆ ಕೆಳಗಿಟ್ಟು, ಮರೆಯ ಸಂದಿಯಿಂದ ಬೇವಿನ ಬುಡದ ಕುಂಡಗಳ ಕಡೆ ನೋಡಿದಳು.

*

ಆ ಹೂವಿನ ಬೀಜ ಔರಾದಿಗೆ ಬಂದದ್ದು ಖತೀಜಾ ಬೇಗಂ ಅವರಿಂದ. ನಿಜಾಮನ ಕಾಲದ ಕಚೇರಿಯ ಸಾಹೇಬರೊಬ್ಬರ ಹೆಂಡತಿ ಆಕೆ. ಸತ್ಯಮ್ಮ ಅವರ ಬಂಗಲೆಗೆ ಕುರಿಹಿಕ್ಕೆಯ ಗೊಬ್ಬರ ಹಾಕಲು ಹೋಗಿ, ವರಾಂಡದ ಕುಂಡಗಳ ಮುಂದೆ ಕೂತುಬಿಡುತ್ತಿದ್ದಳು. ಪ್ರಿಮುಲಾ ಎಂದು ಬೇಗಂ ಹೆಸರು ಹೇಳಿಕೊಟ್ಟರೂ ಅದು ಓಣಿಯವರ ನಾಲಿಗೆಗೆ ಹೊರಳಲಿಲ್ಲ, ಬೇಗಂ ಹೂವೇ ಆಯಿತು. ಮೆತ್ತನೆಯ ಎಲೆ, ನಡುವಿನಿಂದ ಏಳುವ ಎಳೆಯ ಕಾಂಡ, ಅದರ ಸುತ್ತ ಅಂತಸ್ತು ಅಂತಸ್ತಾಗಿ ಊದಾ, ಬಿಳಿ, ಗುಲಾಬಿ ಬಣ್ಣದ ಪುಟ್ಟ ಹೂಗಳು.

ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದ ಆ ಗದ್ದಲದಲ್ಲಿ ಸಾಹೇಬರನ್ನು ಜನ ಮನೆಯಿಂದ ಎಳೆದೊಯ್ದರು; ಅವರು ತಿರುಗಿ ಬರಲಿಲ್ಲ. ಬಂಗಲೆಯ ಬಾಗಿಲು, ಕಿಟಕಿ ಕೂಡ ಉಳಿಯಲಿಲ್ಲ. ಹೈದರಾಬಾದಿಗೆ ಹೊರಟ ಎತ್ತಿನ ಗಾಡಿಯಿಂದ ಬೇಗಂ ಕೈ ಚಾಚಿ ಸತ್ಯಮ್ಮನಿಗೆ ಬೀಜ ಕಟ್ಟಿದ ಒಂದು ಚಿಂದಿಯ ಗಂಟು ಕೊಟ್ಟರು. ಇದು ಮುಡಿಯುವ ಹೂವಲ್ಲ ಸತ್ಯಮ್ಮ, ನೋಡುವ ಹೂವು, ಅಂದರಂತೆ.

ಅದೇ ದಿನಗಳಲ್ಲಿ ಕಂಬಳಿ ಮಾರಲು ಭಾಲ್ಕಿ ಕಡೆ ಹೋಗಿದ್ದ ಮಡೆಪ್ಪನೂ ಬರಲಿಲ್ಲ. ಯುಗಾದಿಯವರೆಗೆ ಕಾದರು. ಆಮೇಲೆ ಹಿರಿಯರು ಕೂತು ಸತ್ತನೆಂದು ತೀರ್ಮಾನ ಮಾಡಿದರು. ಇದೇ ಅಂಗಳದಲ್ಲಿ ಪುತಳಾಬಾಯಿ ಸತ್ಯಮ್ಮನ ಕೈ ಹಿಡಿದು ಬಳೆ ಒಡೆದಳು. ಒಂದು ಚೂರು ಮಣಿಕಟ್ಟಿನೊಳಗೆ ಹೋಗಿ, ಕಲೆ ಹಾಗೇ ಉಳಿಯಿತು.

ಪ್ರತಿ ವರ್ಷ ದಸರೆ ಕಳೆದ ಮೇಲೆ ಸತ್ಯಮ್ಮ ಗಂಟು ಬಿಚ್ಚುತ್ತಿದ್ದಳು. ಮೂಗಿಗೇರಿಸುವ ತಪಕೀರಿನ ಪುಡಿಯಷ್ಟು ನುಣ್ಣನೆಯ ಬೀಜ. ಉಸಿರು ಬಿಗಿಹಿಡಿದು ಅದನ್ನು ಮರಳಿನಲ್ಲಿ ಬೆರೆಸಿ ಒಡಕು ಕುಂಡಗಳಲ್ಲಿ ಉದುರಿಸುವಳು, ಮೇಲೆ ಮಣ್ಣು ಮುಚ್ಚುತ್ತಿರಲಿಲ್ಲ. ಮೇಲಿಂದ ನೀರು ಹಾಕಿದರೆ ಬೀಜ ತೇಲಿಹೋಗುತ್ತದೆಂದು ಕುಂಡವನ್ನೇ ನೀರು ತುಂಬಿದ ಅಗಲ ಪರಾತದಲ್ಲಿ ಕೂಡಿಸುವಳು. ಬೇವಿನ ನೆರಳು, ಹಸಿ ಗೋಣಿಯ ಮರೆ, ಕುರಿ ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು. ಎಳ್ಳಮಾವಾಸ್ಯೆಯ ಚಳಿಗೆ ಹೂವು, ಹೋಳಿಯ ಬಿಸಿಲಿಗೆ ಎಲ್ಲ ಸುಟ್ಟು ಬೂದಿ. ಅಷ್ಟರೊಳಗೆ ಬೀಜ ಹಿಡಿದಿಟ್ಟುಕೊಳ್ಳಬೇಕು. ಪರದೇಶದ ಹೂವೆಂದು ದೇವರಿಗೆ ಏರಿಸುವಂತಿಲ್ಲ, ಗಂಡ ಸತ್ತವಳು ಮುಡಿಯುವಂತಿಲ್ಲ. ಮುಂಡಿಗಿ ಈ ಸೋಗು ಯಾಕ ಬೇಕು ಎಂದು ಪುತಳಾಬಾಯಿ ವರ್ಷವರ್ಷವೂ ಅಂದಳು. ಸತ್ಯಮ್ಮ ಮುಂಜಾನೆ ರೊಟ್ಟಿ ಬಡಿಯುವ ಮೊದಲು ಬೇವಿನ ಬುಡದಲ್ಲಿ ಸ್ವಲ್ಪ ಹೊತ್ತು ಕೂತು ನೋಡುತ್ತಿದ್ದಳು. ಈ ಮನೆಯಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ.

*

ಮೂರು ವರ್ಷದ ಹಿಂದೆ ಸತ್ಯಮ್ಮ, ಭೀಮಬಾಯಿ ಇಬ್ಬರೂ ಭಾಲ್ಕಿ ಸಂತೆಗೆ ಉಣ್ಣೆ ಹೊತ್ತುಕೊಂಡು ಹೋಗಿದ್ದರು. ಸ್ಟೇಷನ್ ಹತ್ತಿರ ನೀರು ಕುಡಿದು ಬರುತ್ತೇನೆಂದು ಹೋದ ಸತ್ಯಮ್ಮ ತಡಮಾಡಿ ಬಂದಳು. ತಿರುಗಿ ಬರುವ ಬಸ್ಸು ಔರಾದ ಹತ್ತಿರ ಬಂದಾಗ ಬಾಯಿ ಬಿಟ್ಟಳು. ಮಡೆಪ್ಪ ಅಲ್ಲಿ ಕಂಬಳಿ ಅಂಗಡಿಯವನ ಮನೆಯಳಿಯನಾಗಿದ್ದ, ಕಂಕುಳಲ್ಲಿ ಮಗು ಇತ್ತು. ಊರಲ್ಲಿ ಹೇಳಬೇಡವೆಂದು ಕೈ ಮುಗಿದನಂತೆ.

ಭೀಮಬಾಯಿ ಕುದಿದು ಹೋದಳು. ಪಂಚರ ಮುಂದೆ ನಿಲ್ಲಿಸೋಣ, ಬಳೆ ಇಡಿಸಿಕೋ, ಪಾಲು ಕೇಳು ಅಂದಳು.

"ಬಳಿ ಬರ್ತಾವ, ಅಂವ ಬರಂಗಿಲ್ಲ ತಂಗಿ," ಎಂದಳು ಸತ್ಯಮ್ಮ. "ಸತ್ತಾನಂತ ಒಮ್ಮಿ ಅತ್ತೇನಿ. ಬಿಟ್ಟಾನಂತ ಮತ್ತ ಅಳಲಾಕ ನನ್ನ ಕಡಿಂದ ಆಗಂಗಿಲ್ಲ."

ಮೊನ್ನೆ ಜ್ವರ ತಲೆಗೇರಿದಾಗ ಅದೇ ಮಾತನ್ನು ಮುಗಿಸಿದಳು. ಭೀಮಬಾಯಿಯ ಕೈಯನ್ನು ಎದೆಯ ಮೇಲೆ ಒತ್ತಿ ಹಿಡಿದಿದ್ದಳು.

"ನಾ ಹೋದಮ್ಯಾಲ ಅಂವ ಬಂದ್ರೂ ಬರಬಹುದು. ಅವನ ಹೆಸರಿಲೆ ನನ್ನ ತಲಿಗಿ ಆ ಹೂ ಏರಸಬ್ಯಾಡ್ರಿ. ಗಿಡದಾಗೇ ಇರಲಿ, ಬೀಜ ಕಟ್ಟಲಿ."

ಭೀಮಬಾಯಿ ಹೂಂ ಅಂದಿದ್ದಳು.

*

ಹೆಣಕ್ಕೆ ಹಸಿರು ಸೀರೆ ಉಡಿಸಿ, ಅಂಗಳಕ್ಕೆ ತಂದು ಗೋಡೆಗೆ ಒರಗಿಸಿ ಕೂಡಿಸಿದರು. ಬಿಗಿದ ಕೈಗೆ ಬಳೆ ಏರದೆ ಎರಡು ಒಡೆದವು. ಒಡೆದದ್ದು ಅದೇ ಕಲೆಯ ಮೇಲೆ, ಒಡೆದವಳು ಅದೇ ಪುತಳಾಬಾಯಿ. ಈ ಸಲ ರಕ್ತ ಬರಲಿಲ್ಲ. ಶೇವಂತಾಬಾಯಿ ಎಣ್ಣೆ ಸವರಿ ಮೂರನೆಯದನ್ನು ಏರಿಸಿದಳು. ಹಣೆಗೆ ಕಾಸಗಲ ಕುಂಕುಮ ಬಿತ್ತು. ಬಂದವರೆಲ್ಲ ಬಾಗಿ ನೋಡಿ, ಮುತ್ತೈದೆ ಸಾವು ಎಲ್ಲರಿಗೂ ಸಿಗುವುದಿಲ್ಲ ಎಂದು ಮಡೆಪ್ಪನಿಗೆ ಸಮಾಧಾನ ಹೇಳಿದರು. ಅವನು ತಾನೇ ಏನೋ ದಾನ ಮಾಡಿದವನ ಹಾಗೆ ತಲೆ ಅಲ್ಲಾಡಿಸಿದ.

ಹೂವು ಬೇಡ, ಅಕ್ಕನಿಗೆ ಇಷ್ಟವಿರಲಿಲ್ಲ ಎಂದು ಭೀಮಬಾಯಿ ಅಂದು ನೋಡಿದಳು.

"ಇಷ್ಟಾ ಇರಲಿಲ್ಲಂದ್ರ ಯಾಕ ಬೆಳಸ್ತಿದ್ದಳು?" ಪುತಳಾಬಾಯಿ ತಿರುಗಿ ಬಿದ್ದಳು. "ಮುಡೀಬೇಕಂತ ಆಸಿ ಇತ್ತು, ನಸೀಬು ಇರಲಿಲ್ಲ. ಇವತ್ತ ಬಂದಾದ. ನಿನಗ್ಯಾಕ ಹೊಟ್ಟಿಕಿಚ್ಚು?"

ಭೀಮಬಾಯಿಯ ನಾಲಿಗೆಯ ತುದಿಗೆ ಎಲ್ಲವೂ ಬಂತು. ಆದರೆ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗಂಡ ಬದುಕಿದ್ದಾನೆಂದು ತಿಳಿದೂ ಬರಿಗೈಯಲ್ಲಿ, ಬರಿಹಣೆಯಲ್ಲಿ ಕೂತವಳು, ಗಂಡನಿಗೆ ಕೇಡು ಬಯಸಿದವಳು ಎಂದು ಇದೇ ಜನ ಹೆಣದ ಮುಖಕ್ಕೇ ಉಗುಳುವರು. ಅವನು ಕೈಮುಗಿದು ಬಚ್ಚಿಟ್ಟದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವಳು ಮಾತು ನುಂಗಿಕೊಂಡಳು.

ಪುತಳಾಬಾಯಿ ಹೂವು ಕೀಳಲು ಹಿತ್ತಾಳೆಯ ತಟ್ಟೆ ಹುಡುಕುತ್ತ ಒಳಗೆ ಹೋದಳು. ಹಟ್ಟಿಯಲ್ಲಿ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಸಾವಾದ ಮನೆಯ ಕುರಿಯನ್ನು ಮಣ್ಣು ಮುಗಿಯುವ ತನಕ ಮೇಯಲು ಹೊಡೆಯುವಂತಿಲ್ಲ; ನಿನ್ನೆಯಿಂದ ಅವುಗಳ ಹೊಟ್ಟೆಗೆ ಒಂದು ಎಸಳು ಬಿದ್ದಿರಲಿಲ್ಲ.

ಭೀಮಬಾಯಿ ಕೈ ತೊಳೆಯುವವಳ ಹಾಗೆ ಬೇವಿನ ಕಡೆ ನಡೆದಳು. ಊದಾ ಹೂವು ತುಂಬಿ ನಿಂತಿತ್ತು, ಬೀಜ ಕಟ್ಟಲು ಇನ್ನೂ ತಿಂಗಳು ಬೇಕಿತ್ತು. ಅಕ್ಕ ಕೇಳಿದ್ದರಲ್ಲಿ ಅರ್ಧವನ್ನಷ್ಟೇ ತಾನು ನಡೆಸಬಲ್ಲೆ ಎಂದು ಅವಳಿಗೆ ಅಳು ಬಂತು. ಜಾಲಿಮುಳ್ಳನ್ನು ಬರಿಗೈಯಲ್ಲೇ ಎಳೆದು ಆಚೆ ಎಸೆದಳು. ಹೋಗಿ ಹಟ್ಟಿಯ ಬಾಗಿಲಿಗೆ ಅಡ್ಡ ಇಟ್ಟಿದ್ದ ಗಳುವನ್ನು ಜಾರಿಸಿದಳು. ಆಮೇಲೆ ಬಂದು ಹೆಣದ ಪಕ್ಕದಲ್ಲಿ ಕೂತು, ಆ ಒದ್ದೆ ಕೂದಲನ್ನು ಬಾಚತೊಡಗಿದಳು. ಬೆರಳಿನ ರಕ್ತವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ತಟ್ಟೆ ಹಿಡಿದು ಹೊರಗೆ ಬಂದ ಪುತಳಾಬಾಯಿ ಹೊಸ್ತಿಲ ಮೇಲೇ ನಿಂತಳು. ಬೇವಿನ ಬುಡದಲ್ಲಿ ಕುರಿಗಳ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕುಂಡ ಉರುಳುವ ಸದ್ದು ಕೇಳಿ ಮಡೆಪ್ಪ ರುಮಾಲು ಬಿಚ್ಚಿ ಬೀಸುತ್ತ, ಹಚಾ ಹಚಾ ಅನ್ನುತ್ತ ಓಡಿದ. ಅವನ ದನಿ ಆ ಕುರಿಗಳಿಗೆ ಗುರುತಿರಲಿಲ್ಲ. ಒಂದು ಮಾತ್ರ ತಲೆಯೆತ್ತಿತು. ಅದರ ಬಾಯಿಯ ಮೂಲೆಯಲ್ಲಿ ಊದಾ ಹೂವಿನ ಕಾಂಡವೊಂದು ನೇತಾಡುತ್ತಿತ್ತು; ಮಡೆಪ್ಪನ ಮುಖ ನೋಡುತ್ತಲೇ ಅದನ್ನೂ ಮೆಲ್ಲಗೆ ಒಳಗೆಳೆದುಕೊಂಡಿತು.